ನ್ಯೂಯಾರ್ಕ್ ಡಾಲ್ಸ್ ತಂಡದ ಮೊದಲ ಆಲ್ಬಂ: ಪದೇ ಪದೇ ಕೇಳುವ ಪ್ರಶ್ನೆಗಳು

ರಾಕ್ ಸಂಗೀತದ ಕಡೆಗೆ ಹೊಸದಾಗಿ ಬಂದವರಿಗೆ ನಾನು ಮೊದಮೊದಲು ಕೇಳಿಸುವ ಆಲ್ಬಂಗಳಲ್ಲಿ ಇದೂ ಒಂದು. ಕೇಳಿಸಿದ ಮೇಲೆ ಪ್ರಶ್ನೆಗಳು ಬರುತ್ತವೆ. ಮುಖಪುಟದ ಫೋಟೊದಿಂದ ಶುರುವಾಗಿ, ಈ ತಂಡದವರಿಗೆ ಕೊನೆಗೆ ಏನಾಯಿತು ಎಂಬಲ್ಲಿಗೆ ಮುಟ್ಟುವ ಪ್ರಶ್ನೆಗಳು. ಹೆಚ್ಚುಕಡಿಮೆ ಎಲ್ಲರೂ ಇವನ್ನೇ ಕೇಳುತ್ತಾರೆ. ಒಂದೇ ಕಡೆ ಉತ್ತರ ಇರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಇದು ಯಾವ ಆಲ್ಬಂ? ಮೊದಲು ಅಷ್ಟು ಹೇಳಿ.

1973ರ ಜುಲೈ 27ರಂದು ಮರ್ಕ್ಯುರಿ ರೆಕಾರ್ಡ್ಸ್ ಹೊರತಂದದ್ದು. ತಂಡದ ಹೆಸರು ನ್ಯೂಯಾರ್ಕ್ ಡಾಲ್ಸ್, ಆಲ್ಬಮ್ಮಿನ ಹೆಸರೂ ಅದೇ. 11 ಹಾಡುಗಳು, ಮುಕ್ಕಾಲು ಗಂಟೆಗಿಂತ ಸ್ವಲ್ಪ ಕಡಿಮೆ. ಹಾಡಿದ್ದು ಡೇವಿಡ್ ಜೊಹಾನ್ಸನ್. ಗಿಟಾರ್ ಜಾನಿ ಥಂಡರ್ಸ್ ಮತ್ತು ಸಿಲ್ವೇನ್ ಸಿಲ್ವೇನ್. ಬೇಸ್ ಆರ್ಥರ್ ಕೇನ್. ಡ್ರಮ್ಸ್ ಜೆರ್ರಿ ನೋಲನ್. ನಿರ್ಮಾಪಕ ಟಾಡ್ ರಂಡ್‌ಗ್ರನ್. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಇದು ಏರಿದ್ದು 116ನೇ ಸ್ಥಾನದವರೆಗೆ ಮಾತ್ರ.

ಗ್ಲಾಮ್ ರಾಕ್ ಅಂದರೇನು?

1971ರಲ್ಲಿ ಟಿ. ರೆಕ್ಸ್ ತಂಡದ ಮಾರ್ಕ್ ಬೋಲನ್ ಕಣ್ಣಿನ ಕೆಳಗೆ ಮಿನುಗು ಹಚ್ಚಿಕೊಂಡು ಬ್ರಿಟನ್ನಿನ ಟಿವಿಯಲ್ಲಿ ಹಾಡಿದ. ಅಲ್ಲಿಂದ ಶುರುವಾಯಿತು ಎನ್ನುವುದು ವಾಡಿಕೆ. ಮಿನುಗುವ ಬಟ್ಟೆ, ಎತ್ತರದ ಅಟ್ಟೆಯ ಬೂಟು, ಗಂಡಸರ ತುಟಿಗೆ ಬಣ್ಣ, ಎರಡು ಮೂರು ನಿಮಿಷದ ಗಟ್ಟಿ ತಾಳದ ಹಾಡು. ಮರುವರ್ಷ ಡೇವಿಡ್ ಬೋವಿ ಜಿಗ್ಗಿ ಸ್ಟಾರ್‌ಡಸ್ಟ್ ಎಂಬ ಪಾತ್ರವನ್ನೇ ಕಟ್ಟಿ ನಿಲ್ಲಿಸಿದ. ಸ್ಲೇಡ್, ಸ್ವೀಟ್, ರಾಕ್ಸಿ ಮ್ಯೂಸಿಕ್ ಎಲ್ಲ ಅದೇ ಕಾಲದವರು. ಅದಕ್ಕೆ ಮೊದಲಿನ ರಾಕ್ ದೊಡ್ಡ ದೊಡ್ಡ ಮಾತಾಡುತ್ತಿತ್ತು, ಇಪ್ಪತ್ತು ನಿಮಿಷದ ಸೋಲೊ ನುಡಿಸುತ್ತಿತ್ತು. ಗ್ಲಾಮ್ ಅದನ್ನು ಮತ್ತೆ ಹರೆಯದ ಹುಡುಗ ಹುಡುಗಿಯರ ಕೈಗೆ ತಂದುಕೊಟ್ಟಿತು.

ಡಾಲ್ಸ್ ಇದೇ ಕಾಲದವರಾದರೂ ಬ್ರಿಟಿಷ್ ಗ್ಲಾಮ್‌ನ ನುಣುಪು ಇವರಲ್ಲಿ ಇಲ್ಲ. ಬೋವಿಯ ಉಡುಪು ವಿನ್ಯಾಸಕಾರರು ಹೊಲಿದದ್ದು. ಇವರದು ಹಳೆ ಬಟ್ಟೆ ಅಂಗಡಿಯಲ್ಲಿ, ಗೆಳತಿಯರ ಕಪಾಟಿನಲ್ಲಿ ಸಿಕ್ಕಿದ್ದು. ಸಂಗೀತವೂ ಹಾಗೆಯೇ, ಸಿಕ್ಕಿದ್ದನ್ನೆಲ್ಲ ತಮ್ಮ ಅಳತೆಗೆ ಒಗ್ಗಿಸಿಕೊಂಡದ್ದು.

ಮುಖಪುಟದಲ್ಲಿ ಇರುವವರು ಗಂಡಸರೇ? ಯಾಕೆ ಈ ವೇಷ?

ಗಂಡಸರೇ, ಐದೂ ಜನ. ಬಿಳಿ ಸ್ಯಾಟಿನ್ ಸೋಫಾದ ಮೇಲೆ ಸಾಲಾಗಿ ಕೂತಿದ್ದಾರೆ. ಉಬ್ಬಿಸಿದ ಕೂದಲು, ಕಣ್ಣಿಗೆ ಗಾಢ ಬಣ್ಣ, ಅಟ್ಟೆಯ ಬೂಟು. ಜೊಹಾನ್ಸನ್ ಪುಟ್ಟ ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡಿಕೊಳ್ಳುತ್ತಿದ್ದಾನೆ. ಸಿಲ್ವೇನ್ ಕಾಲಿಗೆ ಚಕ್ರದ ಸ್ಕೇಟು ಕಟ್ಟಿಕೊಂಡಿದ್ದಾನೆ. ಫೋಟೊ ಕಪ್ಪು ಬಿಳುಪು, ತಂಡದ ಹೆಸರು ಮಾತ್ರ ಲಿಪ್‌ಸ್ಟಿಕ್ಕಿನಿಂದ ಗೀಚಿದಂತೆ ಗುಲಾಬಿ ಬಣ್ಣದಲ್ಲಿದೆ.

ನಮ್ಮ ಯಕ್ಷಗಾನದ ಸ್ತ್ರೀವೇಷ, ಕಂಪನಿ ನಾಟಕದ ಹೆಣ್ಣು ಪಾತ್ರ ನೋಡಿ ಗೊತ್ತಿರುವವರಿಗೆ ಇದು ಸ್ವಲ್ಪ ಗೊಂದಲ ಹುಟ್ಟಿಸುತ್ತದೆ. ಅಲ್ಲಿ ಕಲಾವಿದ ತನ್ನ ಗಂಡಸುತನವನ್ನು ಮರೆಸಿ ಪಾತ್ರವೇ ಆಗಬೇಕು. ಇವರು ಯಾವ ಪಾತ್ರವನ್ನೂ ಆಡುತ್ತಿರಲಿಲ್ಲ. ಗಂಡಸರಾಗಿಯೇ, ಬೀದಿಯ ಪುಂಡ ಹುಡುಗರ ಗತ್ತಿನಲ್ಲಿಯೇ ಲಿಪ್‌ಸ್ಟಿಕ್ ಹಚ್ಚಿಕೊಂಡಿದ್ದರು. 1973ರ ಅಮೆರಿಕಕ್ಕೆ ಹೆದರಿಕೆ ಹುಟ್ಟಿಸಿದ್ದು ಅದೇ. ಪೂರ್ತಿ ಹೆಣ್ಣಿನ ವೇಷವಾಗಿದ್ದರೆ ನಾಟಕ ಎಂದು ನಕ್ಕು ಸುಮ್ಮನಾಗಬಹುದಿತ್ತು. ಇದನ್ನು ಎಲ್ಲಿಡಬೇಕೆಂದು ಜನಕ್ಕೆ ತಿಳಿಯಲಿಲ್ಲ.

ಹಿಂಬದಿಯ ಫೋಟೊ ಯಾರೂ ಗಮನಿಸುವುದಿಲ್ಲ, ದಯವಿಟ್ಟು ನೋಡಿ. ಮ್ಯಾನ್‌ಹ್ಯಾಟನ್ನಿನ ಸೇಂಟ್ ಮಾರ್ಕ್ಸ್ ಪ್ಲೇಸ್ ಮೂಲೆಯಲ್ಲಿದ್ದ ಜೆಮ್ ಸ್ಪಾ ಎಂಬ ಪತ್ರಿಕೆ, ಸಿಗರೇಟು, ಸೋಡಾ ಮಾರುವ ಅಂಗಡಿಯ ಮುಂದೆ ನಿಂತಿದ್ದಾರೆ. ನಿಜವಾದ ಡಾಲ್ಸ್ ಅಲ್ಲಿ ಕಾಣುತ್ತಾರೆ, ಬೀದಿಬದಿಯಲ್ಲಿ, ತಮ್ಮ ಮಾಮೂಲಿ ಬಟ್ಟೆಯಲ್ಲಿ. ಆ ಅಂಗಡಿ 2020ರವರೆಗೂ ಇತ್ತು.

ಹೆಸರು ಎಲ್ಲಿಂದ ಬಂತು?

ಗೊಂಬೆ ಆಸ್ಪತ್ರೆಯಿಂದ. ಮ್ಯಾನ್‌ಹ್ಯಾಟನ್ನಿನ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ 'ನ್ಯೂಯಾರ್ಕ್ ಡಾಲ್ ಹಾಸ್ಪಿಟಲ್' ಎಂಬ ರಿಪೇರಿ ಅಂಗಡಿ ಇತ್ತು. ಕೈ ಮುರಿದ, ಕಣ್ಣು ಕಿತ್ತುಹೋದ ಗೊಂಬೆಗಳನ್ನು ಸರಿ ಮಾಡಿಕೊಡುತ್ತಿದ್ದರು. ಎದುರಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಸಿಲ್ವೇನ್ ದಿನಾ ಆ ಬೋರ್ಡು ನೋಡುತ್ತಿದ್ದ. ಮುಂದೆ ಈ ತಂಡಕ್ಕೆ ಆದದ್ದನ್ನೆಲ್ಲ ತಿಳಿದ ಮೇಲೆ ಆ ಹೆಸರಿನಿಂದ ಬಿಟ್ಟುಹೋದ 'ಆಸ್ಪತ್ರೆ' ಎಂಬ ಪದ ನನ್ನನ್ನು ಬಹಳ ಕಾಡುತ್ತದೆ.

ಇವರೆಲ್ಲ ಎಲ್ಲಿಯವರು?

ನ್ಯೂಯಾರ್ಕ್ ಎಂದರೆ ನಮ್ಮ ಕಣ್ಣಿಗೆ ಬರುವುದು ಮ್ಯಾನ್‌ಹ್ಯಾಟನ್. ಇವರು ಅದರ ಸುತ್ತಲಿನ ಬಡಾವಣೆಗಳ ಹುಡುಗರು. ಜೊಹಾನ್ಸನ್ ಸ್ಟ್ಯಾಟನ್ ಐಲ್ಯಾಂಡ್‌ನವನು, ಕೇನ್ ಬ್ರಾಂಕ್ಸ್, ನೋಲನ್ ಬ್ರೂಕ್ಲಿನ್, ಥಂಡರ್ಸ್ ಕ್ವೀನ್ಸ್. ಥಂಡರ್ಸ್‌ನ ನಿಜ ಹೆಸರು ಜಾನ್ ಜೆಂಜೇಲ್. ಸಿಲ್ವೇನ್ ಹುಟ್ಟಿದ್ದು ಈಜಿಪ್ಟಿನ ಕೈರೋದಲ್ಲಿ, ಯಹೂದಿ ಕುಟುಂಬದಲ್ಲಿ. ಸೂಯೆಜ್ ಬಿಕ್ಕಟ್ಟಿನ ನಂತರ ಅವನ ಮನೆಯವರು ಊರು ಬಿಟ್ಟು ಕೊನೆಗೆ ನ್ಯೂಯಾರ್ಕ್ ಸೇರಿದರು. ಶಾಲೆಯಲ್ಲಿ ಅವನಿಗೆ ಜೊತೆಯಾದವನು ಕೊಲಂಬಿಯಾದ ಬೊಗೊಟಾದಲ್ಲಿ ಹುಟ್ಟಿದ ಬಿಲ್ಲಿ ಮರ್ಸಿಯಾ, ತಂಡದ ಮೊದಲ ಡ್ರಮ್ಮರ್. ಇಬ್ಬರೂ ಸೇರಿ ತಂಡಕ್ಕೆ ಮುಂಚೆ 'ಟ್ರೂತ್ ಅಂಡ್ ಸೋಲ್' ಹೆಸರಿನಲ್ಲಿ ಸ್ವೆಟರ್ ಮಾಡಿ ಮಾರುತ್ತಿದ್ದರು. ಹಾಗಾಗಿ ಬಟ್ಟೆಯ ವಿಷಯದಲ್ಲಿ ಇವರು ಬರೀ ಶೋಕಿಯವರಲ್ಲ, ಕಸುಬು ಗೊತ್ತಿದ್ದವರು.

ಬಿಲ್ಲಿ ಮರ್ಸಿಯಾಗೆ ಏನಾಯಿತು? ಆಲ್ಬಮ್ಮಿನಲ್ಲಿ ಅವನಿಲ್ಲವಲ್ಲ.

1972ರ ಅಕ್ಟೋಬರ್ ಕೊನೆಯಲ್ಲಿ, ಇನ್ನೂ ಒಂದು ರೆಕಾರ್ಡ್ ಕೂಡ ಬಂದಿರದ ಈ ತಂಡ ಲಂಡನ್ನಿಗೆ ಹೋಗಿ ವೆಂಬ್ಲಿಯಲ್ಲಿ ರಾಡ್ ಸ್ಟುವರ್ಟ್ ಮತ್ತು ಫೇಸಸ್ ಕಾರ್ಯಕ್ರಮಕ್ಕೆ ಮುಂಚೆ ನುಡಿಸಿತು. ಅದಾದ ಸುಮಾರು ಒಂದು ವಾರಕ್ಕೆ, ನವೆಂಬರ್ 6ರಂದು, ಒಂದು ಪಾರ್ಟಿಯಲ್ಲಿ ಮಾತ್ರೆ ಮತ್ತು ಮದ್ಯ ಸೇರಿ ಬಿಲ್ಲಿ ಪ್ರಜ್ಞೆ ತಪ್ಪಿದ. ಅಲ್ಲಿದ್ದವರು ಆಂಬ್ಯುಲೆನ್ಸ್ ಕರೆಸುವ ಬದಲು ಅವನನ್ನು ತಣ್ಣೀರಿನ ತೊಟ್ಟಿಯಲ್ಲಿ ಕೂರಿಸಿ ಬಾಯಿಗೆ ಕಾಫಿ ಹುಯ್ದರು. ಉಸಿರುಗಟ್ಟಿ ಸತ್ತ. ವಯಸ್ಸು 21.

ಡೇವಿಡ್ ಬೋವಿ ಮರುವರ್ಷದ ತನ್ನ 'ಟೈಮ್' ಎಂಬ ಹಾಡಿನಲ್ಲಿ ಬಿಲ್ಲಿಯ ಹೆಸರು ತಂದಿದ್ದಾನೆ. ಬಿಲ್ಲಿ ನುಡಿಸಿದ್ದನ್ನು ಕೇಳಬೇಕೆಂದರೆ 1972ರ ಡೆಮೊ ಧ್ವನಿಮುದ್ರಣಗಳಿವೆ. 1981ರಲ್ಲಿ 'ಲಿಪ್‌ಸ್ಟಿಕ್ ಕಿಲ್ಲರ್ಸ್' ಎಂಬ ಕ್ಯಾಸೆಟ್ಟಾಗಿ ಅವು ಹೊರಬಂದವು. ಅವನ ನಂತರ ಬಂದ ಜೆರ್ರಿ ನೋಲನ್ ಹಳೆ ಜಾಜ್ ಡ್ರಮ್ಮರ್ ಜೀನ್ ಕ್ರುಪಾನ ಆರಾಧಕ, ಪೆಟ್ಟು ಗಟ್ಟಿ, ಲೆಕ್ಕ ಶುದ್ಧ. ತಂಡ ಆಲ್ಬಂ ಮಾಡುವ ಮಟ್ಟಕ್ಕೆ ಬಂದದ್ದು ನೋಲನ್‌ನಿಂದ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಶುರುವಿನಲ್ಲಿ ಎಲ್ಲಿ ನುಡಿಸುತ್ತಿದ್ದರು?

ಮೊಟ್ಟಮೊದಲ ಕಾರ್ಯಕ್ರಮ 1971ರ ಕ್ರಿಸ್ಮಸ್ ಹಿಂದಿನ ದಿನ, ಮನೆಯಿಲ್ಲದವರಿಗೆ ಆಸರೆ ಕೊಟ್ಟಿದ್ದ ಎಂಡಿಕಾಟ್ ಹೋಟೆಲಿನಲ್ಲಿ. 1972ರಲ್ಲಿ ಅವರಿಗೆ ಮರ್ಸರ್ ಆರ್ಟ್ಸ್ ಸೆಂಟರ್ ಸಿಕ್ಕಿತು. ಹಳೆಯ ಬ್ರಾಡ್‌ವೇ ಸೆಂಟ್ರಲ್ ಹೋಟೆಲಿನ ಕಟ್ಟಡದಲ್ಲಿ ನಾಟಕ, ಸಂಗೀತ ಎಲ್ಲ ನಡೆಯುತ್ತಿದ್ದ ಜಾಗ ಅದು. ಅಲ್ಲಿನ ಆಸ್ಕರ್ ವೈಲ್ಡ್ ರೂಮ್ ಎಂಬ ಕೋಣೆಯಲ್ಲಿ ವಾರ ವಾರ ನುಡಿಸಿದರು. ಚಿತ್ರಕಾರರು, ನಾಟಕದವರು, ಬೀದಿಯ ಹುಡುಗರು ಎಲ್ಲ ಬಂದು ಸೇರುತ್ತಿದ್ದರು. ನೋಡಲು ಬಂದವರೂ ತಂಡದವರಷ್ಟೇ ಅಲಂಕಾರ ಮಾಡಿಕೊಂಡು ಬರುತ್ತಿದ್ದರಂತೆ.

ಆಲ್ಬಂ ಬಂದು ಒಂದು ವಾರಕ್ಕೆ, 1973ರ ಆಗಸ್ಟ್ 3ರಂದು ಆ ಕಟ್ಟಡ ಕುಸಿದುಬಿತ್ತು. ಡೌನ್‌ಟೌನಿನ ಹೊಸ ತಂಡಗಳಿಗೆ ನೆಲೆಯೇ ಇಲ್ಲದಂತಾಯಿತು. ಆ ವರ್ಷದ ಕೊನೆಗೆ ಬಾವರಿ ಬೀದಿಯಲ್ಲಿ ಸಿಬಿಜಿಬಿ ಎಂಬ ಬಾರು ತೆರೆಯಿತು. ಟೆಲಿವಿಷನ್, ರಮೋನ್ಸ್, ಬ್ಲಾಂಡಿ ಎಂಬ ತಂಡಗಳೆಲ್ಲ ಬೆಳೆದದ್ದು ಅಲ್ಲಿ. ಮರ್ಸರ್ ಬೀಳದೇ ಇದ್ದಿದ್ದರೆ ಆ ತಂಡಗಳು ಅಲ್ಲಿಯೇ ನುಡಿಸುತ್ತಿದ್ದವೋ ಏನೋ.

ರೆಕಾರ್ಡಿಂಗ್ ಹೇಗಾಯಿತು? ರಂಡ್‌ಗ್ರನ್ ಕೆಡಿಸಿದ ಅನ್ನುತ್ತಾರಲ್ಲ?

ದೊಡ್ಡ ಕಂಪನಿಗಳಾರೂ ಇವರನ್ನು ಮುಟ್ಟಲು ತಯಾರಿರಲಿಲ್ಲ. ಮರ್ಕ್ಯುರಿಯಲ್ಲಿ ಕೆಲಸ ಮಾಡುತ್ತಿದ್ದ ಪಾಲ್ ನೆಲ್ಸನ್ ಪಟ್ಟು ಹಿಡಿದು ಒಪ್ಪಂದ ಮಾಡಿಸಿದ. ಅವನು ಮೂಲತಃ ಸಂಗೀತ ವಿಮರ್ಶಕ. 1973ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ರೆಕಾರ್ಡ್ ಪ್ಲಾಂಟ್ ಸ್ಟುಡಿಯೋದಲ್ಲಿ ಎಂಟು ದಿನದಲ್ಲಿ ಕೆಲಸ ಮುಗಿಯಿತು. ಒಂದು ಹಾಡಿಗೇ ವಾರಗಟ್ಟಲೆ ಕೂರುತ್ತಿದ್ದ ಕಾಲದಲ್ಲಿ ಹನ್ನೊಂದು ಹಾಡು, ಎಂಟು ದಿನ. ಸ್ಟುಡಿಯೋ ತುಂಬ ಗೆಳೆಯರು, ಪರಿಚಿತರು, ಪತ್ರಿಕೆಯವರು.

ರಂಡ್‌ಗ್ರನ್ ಮತ್ತು ಡಾಲ್ಸ್ ಜೋಡಿಯೇ ವಿಚಿತ್ರ. ಆತ ಒಬ್ಬನೇ ಕೂತು ಎಲ್ಲ ವಾದ್ಯ ನುಡಿಸಿ ಅಚ್ಚುಕಟ್ಟಾದ ಆಲ್ಬಂ ಮಾಡಬಲ್ಲ ಕುಶಲಿ, ಇವರು ಸಮಯಕ್ಕೆ ಸರಿಯಾಗಿ ಸ್ಟುಡಿಯೋಗೆ ಬಂದರೆ ದೊಡ್ಡದು. ಕೊನೆಯ ಮಿಕ್ಸಿಂಗ್, ಅಂದರೆ ಎಲ್ಲ ದನಿಗಳನ್ನು ಹದವಾಗಿ ಬೆರೆಸುವ ಕೆಲಸ, ಅವಸರದಲ್ಲಿ, ಕೆಲವೇ ಗಂಟೆಗಳಲ್ಲಿ ಆಯಿತು. ಥಂಡರ್ಸ್ ಕೊನೆಯವರೆಗೂ ಅದರ ಬಗ್ಗೆ ಗೊಣಗಿದ. ವೇದಿಕೆಯಲ್ಲಿದ್ದ ಆರ್ಭಟ ಇಲ್ಲಿ ಬಂದಿಲ್ಲ ಎಂಬುದು ಅವನ ದೂರು.

ನಾನು ಈ ದೂರನ್ನು ಒಪ್ಪುವುದಿಲ್ಲ. ಹೆಡ್‌ಫೋನ್ ಹಾಕಿ ಕೇಳಿ ನೋಡಿ. ಎರಡು ಗಿಟಾರುಗಳು ಒಂದರ ಮೇಲೊಂದು ಬಿದ್ದು ಕಿತ್ತಾಡುತ್ತಿರುವಾಗಲೂ ಜೊಹಾನ್ಸನ್‌ನ ಒಂದೊಂದು ಮಾತೂ ಕೇಳುತ್ತದೆ, ಹಿನ್ನೆಲೆಯ ಕೂಗು ಕೇಳುತ್ತದೆ, ಸಿಲ್ವೇನ್‌ನ ಪಿಯಾನೊ ಕೇಳುತ್ತದೆ. ಗದ್ದಲವನ್ನು ಕಾಪಾಡಿಕೊಂಡೇ ಅದರೊಳಗಿನ ಹಾಡನ್ನು ಕಾಣಿಸುವುದು ಸುಲಭದ ಕೆಲಸವಲ್ಲ. ರಂಡ್‌ಗ್ರನ್ ಅದನ್ನು ಮಾಡಿದ್ದಾನೆ. 2009ರಲ್ಲಿ ಉಳಿದ ತಂಡದವರು ಇನ್ನೊಂದು ಆಲ್ಬಮ್ಮಿಗೆ ಮತ್ತೆ ಅವನನ್ನೇ ಕರೆದರು.

ಇವರಿಗೆ ನುಡಿಸಲು ಬರುತ್ತಿರಲಿಲ್ಲ ಎನ್ನುವುದು ನಿಜವೇ?

ಅರ್ಧ ನಿಜ. ಶಾಸ್ತ್ರಬದ್ಧವಾಗಿ ಕಲಿತವರಲ್ಲ, ಶ್ರುತಿ ಅಲ್ಲಲ್ಲಿ ಜಾರುತ್ತದೆ, ಥಂಡರ್ಸ್ ಬಹಳ ಕಡಿಮೆ ಸ್ವರಗಳಲ್ಲಿ ಕೆಲಸ ಮುಗಿಸುತ್ತಾನೆ. ಆದರೆ ಆ ಕಡಿಮೆ ಸ್ವರಗಳನ್ನು ಅವನು ಎಳೆಯುವ ಬಗೆ ಬೇರೆ ಯಾರದೂ ಅಲ್ಲ. ತಂತಿಯನ್ನು ಬಾಗಿಸಿ, ಸ್ವರ ನಿಲ್ಲಬೇಕಾದ ಜಾಗಕ್ಕೆ ಇನ್ನೇನು ಮುಟ್ಟಿತು ಎನ್ನುವಾಗ ಬಿಟ್ಟುಬಿಡುತ್ತಾನೆ. ಅಳು ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ. ಎರಡು ಸ್ವರ ಕೇಳಿದರೆ ಸಾಕು, ಇವನೇ ಎಂದು ಗೊತ್ತಾಗುತ್ತದೆ. ಕಲಿತವರಲ್ಲಿ ಎಷ್ಟು ಜನರಿಗೆ ಈ ಗುರುತು ಇದೆ?

ಯಾವ ಹಾಡುಗಳನ್ನು ಗಮನವಿಟ್ಟು ಕೇಳಬೇಕು?

ಮೊದಲ ಹಾಡು 'ಪರ್ಸನಾಲಿಟಿ ಕ್ರೈಸಿಸ್' ಶುರುವಾಗುವುದೇ ಗಿಟಾರಿನ ಇಳಿಜಾರು ಮತ್ತು ಜೊಹಾನ್ಸನ್‌ನ ಒಂದು ಕೇಕೆಯಿಂದ. ಕೆಳಗೆ ಪಿಯಾನೊ ಕುಟ್ಟುತ್ತಲೇ ಇರುತ್ತದೆ, ಐವತ್ತರ ದಶಕದ ರಾಕ್ ಅಂಡ್ ರೋಲ್‌ನಲ್ಲಿ ಕುಟ್ಟುತ್ತಿದ್ದ ಹಾಗೆ. ನಡುವೆ ಇದ್ದಕ್ಕಿದ್ದಂತೆ ಎಲ್ಲ ವಾದ್ಯಗಳೂ ನಿಂತುಹೋಗುತ್ತವೆ. ಹಾಡು ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಮೈಮೇಲೆ ಬೀಳುತ್ತದೆ. ಆ ಒಂದು ಗಳಿಗೆಯ ಮೌನವನ್ನು ನಾನು ನೂರಾರು ಸಲ ಕೇಳಿದ್ದೇನೆ, ಈಗಲೂ ಎದೆ ಒಂದು ಬಡಿತ ತಪ್ಪುತ್ತದೆ.

ಎರಡನೆಯದು 'ಲುಕಿಂಗ್ ಫಾರ್ ಎ ಕಿಸ್'. ಇದರ ಆರಂಭದಲ್ಲಿ ಜೊಹಾನ್ಸನ್ ಮಾತಿನ ಧಾಟಿಯಲ್ಲಿ ಹೇಳುವ ಸಾಲು ಅವನದಲ್ಲ. ಅರವತ್ತರ ದಶಕದ ಶಾಂಗ್ರಿ-ಲಾಸ್ ಎಂಬ ಹುಡುಗಿಯರ ತಂಡದ ಹಾಡಿನದು, ಪ್ರೀತಿ ಎಂಬ ಪದವನ್ನು ಬೇಕೆಂದೇ ತಪ್ಪಾಗಿ ಅಕ್ಷರ ಬಿಡಿಸಿ ಹೇಳುವ ಸಾಲು. ಕ್ವೀನ್ಸ್‌ನ ಆ ಹುಡುಗಿಯರು ಅಳುತ್ತಾ, ಆಣೆ ಇಡುತ್ತಾ, ಬೈಕಿನ ಹುಡುಗರನ್ನು ಪ್ರೀತಿಸುತ್ತಾ ಹಾಡಿದವರು. ಬಣ್ಣ ಬಳಿದುಕೊಂಡ ಗಂಡಸೊಬ್ಬ ಆ ಸಾಲನ್ನು ಗೇಲಿ ಮಾಡದೆ ಹೇಳುತ್ತಾನೆ. ಆಮೇಲಿನ ಹಾಡಿನಲ್ಲಿ ಅವನ ಸುತ್ತ ಇರುವ ಚೆಂದದ ಜನರೆಲ್ಲ ಕೋಣೆಯಲ್ಲಿ ಸೂಜಿ ಚುಚ್ಚಿಕೊಳ್ಳುತ್ತಾ ಕೂತಿದ್ದಾರೆ. ಅವನಿಗೆ ಬೇಕಿರುವುದು ಅದಲ್ಲ, ಒಂದು ಮುತ್ತು. ಇದನ್ನು ಹಾಡಿದ ತಂಡದಲ್ಲಿಯೇ ಥಂಡರ್ಸ್ ಮತ್ತು ನೋಲನ್ ಮುಂದೆ ಹೆರಾಯಿನ್ನಿಗೆ ಬಿದ್ದರು ಎಂಬುದು ಗೊತ್ತಾದ ಮೇಲೆ ಈ ಹಾಡು ಮೊದಲಿನ ಹಾಗೆ ಕೇಳಿಸುವುದಿಲ್ಲ.

'ಟ್ರ್ಯಾಶ್' ಸಿಂಗಲ್ ಆಗಿಯೂ ಬಂತು. ಮೂರು ನಿಮಿಷದ ಹಾಡಿನಲ್ಲಿ ಇಷ್ಟು ಸಂತೋಷ ತುಂಬಲು ಸಾಧ್ಯ ಎಂದು ನಂಬುವುದು ಕಷ್ಟ. ಹಿನ್ನೆಲೆಯ ಊಳಿಡುವ ಕೋರಸ್ ಮತ್ತೆ ಅದೇ ಹುಡುಗಿಯರ ತಂಡಗಳ ಕಾಲದ್ದು.

'ಫ್ರಾಂಕೆನ್‌ಸ್ಟೈನ್' ಆರು ನಿಮಿಷದ್ದು, ಭಾರದ್ದು, ಅದೇ ವರ್ಷ ಎಡ್ಗರ್ ವಿಂಟರ್ ತಂಡದ ಅದೇ ಹೆಸರಿನ ಹಾಡು ಗೆದ್ದಿತ್ತು. ಅದಕ್ಕೇ ಇವರು ತಮ್ಮದರ ಹೆಸರಿನ ಮುಂದೆ 'ಮೂಲ' ಎಂದು ಸೂಚಿಸಿದ್ದಾರೆ. ಎಲ್ಲೆಲ್ಲಿಂದಲೋ ಮಹಾನಗರಕ್ಕೆ ಬಂದ ಮಕ್ಕಳನ್ನು ನಗರ ಏನು ಮಾಡಿಬಿಡುತ್ತದೆ ಎಂಬ ಹಾಡು. 'ಪಿಲ್ಸ್' ಹಳೆಯ ರಾಕ್ ಅಂಡ್ ರೋಲ್ ಗಾಯಕ ಬೋ ಡಿಡ್ಲಿಯ 1961ರ ಹಾಡು. ಆಸ್ಪತ್ರೆಯಲ್ಲಿ ಮಲಗಿದವನಿಗೆ ಮಾತ್ರೆ ಕೊಡುವ ನರ್ಸಿನ ಕಥೆ, ಜೊಹಾನ್ಸನ್‌ನ ಹಾರ್ಮೋನಿಕಾ ಇದೆ. 'ಲೋನ್ಲಿ ಪ್ಲಾನೆಟ್ ಬಾಯ್' ಒಂದೇ ಇಲ್ಲಿ ಮೆಲ್ಲನೆಯ ಹಾಡು, ಸ್ಯಾಕ್ಸೊಫೋನಿನೊಂದಿಗೆ ಪಿಸುಗುಟ್ಟುತ್ತದೆ. ಗದ್ದಲದ ನಡುವೆ ಅದನ್ನು ದಾಟಿಸಿ ಮುಂದೆ ಹೋಗುವವರಿದ್ದಾರೆ, ಹಾಗೆ ಮಾಡಬೇಡಿ. 'ವಿಯೆಟ್ನಾಮೀಸ್ ಬೇಬಿ' ಆಗಿನ್ನೂ ಹಸಿಯಾಗಿದ್ದ ಯುದ್ಧದ ನೆರಳಿನದು.

ಇಷ್ಟು ಚೆನ್ನಾಗಿದ್ದರೆ ಯಾಕೆ ಮಾರಾಟವಾಗಲಿಲ್ಲ?

ರೇಡಿಯೊದವರು ಹಾಕಲಿಲ್ಲ, ಮುಖಪುಟ ನೋಡಿಯೇ ಅರ್ಧ ಅಮೆರಿಕ ಹಿಂದೆ ಸರಿಯಿತು. ಕ್ರೀಮ್ ಪತ್ರಿಕೆಯ ಓದುಗರು ಆ ವರ್ಷದ ಅತ್ಯುತ್ತಮ ಹೊಸ ತಂಡ ಎಂದು ಇವರನ್ನೇ ಆರಿಸಿದರು, ಅತಿ ಕೆಟ್ಟ ಹೊಸ ತಂಡ ಎಂದೂ ಇವರನ್ನೇ ಆರಿಸಿದರು. ನವೆಂಬರ್‌ನಲ್ಲಿ ಬಿಬಿಸಿಯ 'ಓಲ್ಡ್ ಗ್ರೇ ವಿಸಲ್ ಟೆಸ್ಟ್' ಕಾರ್ಯಕ್ರಮದಲ್ಲಿ ನುಡಿಸಿದಾಗ ನಿರೂಪಕ ಬಾಬ್ ಹ್ಯಾರಿಸ್ ಇದು ಅಣಕು ರಾಕ್ ಎಂದು ಮೂಗು ಮುರಿದ. ಅದೇ ಕಾರ್ಯಕ್ರಮವನ್ನು ಮ್ಯಾಂಚೆಸ್ಟರಿನ ಮನೆಯಲ್ಲಿ ಕೂತು 14 ವರ್ಷದ ಹುಡುಗನೊಬ್ಬ ನೋಡುತ್ತಿದ್ದ. ಹೆಸರು ಮಾರಿಸ್ಸಿ. ಮುಂದೆ ಬ್ರಿಟನ್ನಿನಲ್ಲಿ ಡಾಲ್ಸ್ ಅಭಿಮಾನಿ ಸಂಘ ನಡೆಸಿದ, ಇವರ ಮೇಲೆ ಪುಟ್ಟ ಪುಸ್ತಕ ಬರೆದ, ಆಮೇಲೆ ದಿ ಸ್ಮಿತ್ಸ್ ತಂಡದ ಗಾಯಕನಾದ.

ಪಂಕ್‌ಗೂ ಈ ಆಲ್ಬಮ್ಮಿಗೂ ಏನು ಸಂಬಂಧ?

ಪಂಕ್ ಎಂದರೆ ಎಪ್ಪತ್ತರ ದಶಕದ ನಡುವೆ ನ್ಯೂಯಾರ್ಕ್, ಲಂಡನ್ನುಗಳಲ್ಲಿ ಎದ್ದ ಒರಟು, ಸಿಟ್ಟಿನ ರಾಕ್. ಅದಕ್ಕೆ ಇದೊಂದೇ ಮೂಲ ಎನ್ನುವುದು ತಪ್ಪು. ಸ್ಟೂಜಸ್, ಎಂಸಿ5, ವೆಲ್ವೆಟ್ ಅಂಡರ್‌ಗ್ರೌಂಡ್ ಇವರಿಗಿಂತ ಮುಂಚಿನವರು. ಆದರೆ ಡಾಲ್ಸ್ ಕೊಟ್ಟ ಧೈರ್ಯ ಬೇರೆ ಬಗೆಯದು. ನಮ್ಮ ಹಾಗೆಯೇ ಇರುವ, ನಮ್ಮ ಬೀದಿಯಲ್ಲಿಯೇ ತಿರುಗುವ, ನಮಗಿಂತ ಹೆಚ್ಚೇನೂ ನುಡಿಸಲು ಬಾರದ ಹುಡುಗರು ವೇದಿಕೆ ಹತ್ತಿದ್ದಾರೆ ಎಂಬುದನ್ನು ನ್ಯೂಯಾರ್ಕಿನ ಒಂದು ತಲೆಮಾರು ಕಣ್ಣಾರೆ ಕಂಡಿತು. 1974ರಲ್ಲಿ ಕ್ವೀನ್ಸ್‌ನಲ್ಲಿ ತಂಡ ಕಟ್ಟಿದ ರಮೋನ್ಸ್ ಹುಡುಗರು ಅವರಲ್ಲಿದ್ದರು.

ಇನ್ನೊಂದು ಕೊಂಡಿ ಇನ್ನೂ ನೇರವಾದದ್ದು. ಲಂಡನ್ನಿನ ಕಿಂಗ್ಸ್ ರೋಡಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಮಾಲ್ಕಮ್ ಮೆಕ್‌ಲಾರೆನ್‌ಗೆ ಇವರ ಹುಚ್ಚು ಹಿಡಿದಿತ್ತು. 1975ರ ಆರಂಭದಲ್ಲಿ, ತಂಡ ಇನ್ನೇನು ಒಡೆಯುತ್ತದೆ ಎನ್ನುವಾಗ, ಅವನು ನ್ಯೂಯಾರ್ಕಿಗೆ ಬಂದು ಇವರ ಉಸ್ತುವಾರಿ ಹೊತ್ತ. ಎಲ್ಲರಿಗೂ ಕೆಂಪು ಚರ್ಮದ ಉಡುಪು ಹೊಲಿಸಿ, ಹಿಂದೆ ಸುತ್ತಿಗೆ ಕುಡುಗೋಲಿನ ಕೆಂಪು ಬಾವುಟ ಕಟ್ಟಿ ವೇದಿಕೆಗೆ ಹತ್ತಿಸಿದ. ಉಪಯೋಗವಾಗಲಿಲ್ಲ. ಫ್ಲಾರಿಡಾ ಪ್ರವಾಸದ ನಡುವೆಯೇ ಥಂಡರ್ಸ್ ಮತ್ತು ನೋಲನ್ ಬಿಟ್ಟು ನಡೆದರು. ಮೆಕ್‌ಲಾರೆನ್ ಲಂಡನ್ನಿಗೆ ಮರಳುವಾಗ ಸಿಲ್ವೇನ್‌ನ ಬಿಳಿ ಲೆಸ್ ಪಾಲ್ ಗಿಟಾರನ್ನು ಜೊತೆಗೊಯ್ದ. ಅದು ಸ್ಟೀವ್ ಜೋನ್ಸ್ ಎಂಬ ಹುಡುಗನ ಕೈಸೇರಿತು. ಆ ಹುಡುಗ ಥಂಡರ್ಸ್ ನುಡಿಸಿದ್ದನ್ನು ಕೇಳಿ ಕೇಳಿ ಕಲಿತವನು. ಅವನ ತಂಡ ಸೆಕ್ಸ್ ಪಿಸ್ಟಲ್ಸ್.

ಪಿಸ್ಟಲ್ಸ್ ಮುಂದೆ ತಮ್ಮ ಆಲ್ಬಮ್ಮಿನಲ್ಲಿ 'ನ್ಯೂಯಾರ್ಕ್' ಎಂಬ ಹಾಡು ಕಟ್ಟಿ ಡಾಲ್ಸ್‌ರನ್ನು ಬೈದರು. ಥಂಡರ್ಸ್ 'ಲಂಡನ್ ಬಾಯ್ಸ್' ಎಂಬ ಹಾಡಿನಲ್ಲಿ ಮರುತ್ತರ ಕೊಟ್ಟ. ಅಷ್ಟರಲ್ಲಿ ಥಂಡರ್ಸ್ ಮತ್ತು ನೋಲನ್ ಹಾರ್ಟ್‌ಬ್ರೇಕರ್ಸ್ ತಂಡ ಕಟ್ಟಿ 1976ರ ಡಿಸೆಂಬರ್‌ನಲ್ಲಿ ಲಂಡನ್ನಿಗೇ ಹೋಗಿ, ಪಿಸ್ಟಲ್ಸ್, ಕ್ಲ್ಯಾಶ್, ಡ್ಯಾಮ್ಡ್ ತಂಡಗಳ ಜೊತೆ 'ಅನಾರ್ಕಿ' ಎಂಬ ಹೆಸರಿನ ಸಂಗೀತ ಪ್ರವಾಸ ಮಾಡಿದ್ದರು.

ಹಾಗಾದರೆ ಇದನ್ನು ಪಂಕ್ ಆಲ್ಬಂ ಎಂದೇ ಕರೆಯಬಹುದಲ್ಲ?

ಕರೆಯಬೇಡಿ ಎನ್ನುತ್ತೇನೆ. ಪಂಕ್ ಈ ಆಲ್ಬಮ್ಮಿನಿಂದ ಅರ್ಧವನ್ನು ಮಾತ್ರ ಒಯ್ದಿತು. ಗಿಟಾರಿನ ಸದ್ದು, ಒರಟುತನ, ಯಾರಿಗೂ ಕೇರ್ ಮಾಡದ ಗತ್ತು, ಇವು ಹೋದವು. ಬಿಟ್ಟುಹೋದದ್ದು ಅಂತಃಕರಣ. ಸಂತೆಯ ಹಾಗೆ ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳುವ ಗುಣ. ಪಿಸ್ಟಲ್ಸ್ ಹಾಡು ಇಲ್ಲ ಎನ್ನುವುದರಿಂದ ಶುರುವಾಗುತ್ತದೆ, ಅದಕ್ಕೆ ಅದರದೇ ಬೆಲೆ ಇದೆ. ಡಾಲ್ಸ್ ಹಳೆಯದನ್ನು ಬೈಯುವುದಿಲ್ಲ. ಬೋ ಡಿಡ್ಲಿ, ಶಾಂಗ್ರಿ-ಲಾಸ್, ಪಿಯಾನೊ ಕುಟ್ಟುವ ರಾಕ್ ಅಂಡ್ ರೋಲ್, ಎಲ್ಲವನ್ನೂ ಬಾಚಿ ತಬ್ಬಿಕೊಂಡು ತಮ್ಮ ಬೀದಿಗೆ ಕರೆತರುತ್ತಾರೆ. ಪಂಕ್‌ನ ಪೀಠಿಕೆಯೆಂದು ಮಾತ್ರ ಇದನ್ನು ಕೇಳಿದವರು ಸಿಟ್ಟನ್ನು ಹುಡುಕುತ್ತಾರೆ, ಸಿಟ್ಟು ಅಷ್ಟೊಂದು ಸಿಗುವುದಿಲ್ಲ, ಆಗ ನಿರಾಸೆ. ಪ್ರೀತಿಯನ್ನು ಹುಡುಕಿ, ಹನ್ನೊಂದು ಹಾಡಿನಲ್ಲೂ ಸಿಗುತ್ತದೆ.

ಎರಡನೇ ಆಲ್ಬಂ ಹೇಗಿದೆ?

1974ರ 'ಟೂ ಮಚ್ ಟೂ ಸೂನ್'. ಈ ಸಲ ನಿರ್ಮಾಪಕ ಶ್ಯಾಡೊ ಮಾರ್ಟನ್, ಶಾಂಗ್ರಿ-ಲಾಸ್ ಹಾಡುಗಳನ್ನು ಮಾಡಿದ ಅದೇ ಮನುಷ್ಯ. ತಾವು ಪ್ರೀತಿಸಿದ ಹಾಡುಗಳ ಕರ್ತೃವನ್ನೇ ಹುಡುಕಿ ಹೋದರು ನೋಡಿ. ಹತ್ತು ಹಾಡುಗಳಲ್ಲಿ ನಾಲ್ಕು ಬೇರೆಯವರವು. ಮೊದಲನೆಯದು ಇಷ್ಟವಾದ ಮೇಲೆ ಕೇಳಿ. ಅದು 167ನೇ ಸ್ಥಾನ ದಾಟಲಿಲ್ಲ.

ಇವರಲ್ಲಿ ಈಗ ಯಾರಾದರೂ ಇದ್ದಾರೆಯೇ? ಮತ್ತೆ ಒಂದಾದರೇ?

ಯಾರೂ ಇಲ್ಲ. ಥಂಡರ್ಸ್ 1991ರ ಏಪ್ರಿಲ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ತೀರಿಕೊಂಡ. ಒಂಬತ್ತು ತಿಂಗಳಿಗೆ, 1992ರ ಜನವರಿಯಲ್ಲಿ, ನೋಲನ್. ಸಿಲ್ವೇನ್ 2021ರ ಜನವರಿಯಲ್ಲಿ. ಜೊಹಾನ್ಸನ್ 2025ರ ಫೆಬ್ರುವರಿ 28ರಂದು.

ಮತ್ತೆ ಒಂದಾದದ್ದು 2004ರ ಜೂನ್‌ನಲ್ಲಿ, ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ. ಕರೆಸಿದವನು ಟಿವಿ ಮುಂದೆ ಕೂತಿದ್ದ ಆ 14 ವರ್ಷದ ಹುಡುಗ ಮಾರಿಸ್ಸಿ. ಮೆಲ್ಟ್‌ಡೌನ್ ಉತ್ಸವದ ಆ ವರ್ಷದ ಹೊಣೆ ಅವನದಾಗಿತ್ತು. ಆರ್ಥರ್ ಕೇನ್ ಆಗ ಲಾಸ್ ಏಂಜಲೀಸ್‌ನಲ್ಲಿದ್ದ. ಕುಡಿತ ಬಿಟ್ಟು, ಮಾರ್ಮನ್ ಚರ್ಚಿಗೆ ಸೇರಿ, ಆ ಚರ್ಚಿನ ವಂಶಾವಳಿ ಗ್ರಂಥಾಲಯದಲ್ಲಿ ಕೆಲಸ ಮಾಡಿಕೊಂಡಿದ್ದ. ಅವನ ವಾದ್ಯ ಗಿರವಿ ಅಂಗಡಿಯಲ್ಲಿತ್ತು. ಚರ್ಚಿನ ಜನ ಕೈಜೋಡಿಸಿ ಅದನ್ನು ಬಿಡಿಸಿಕೊಟ್ಟರು. ಇದೆಲ್ಲ 'ನ್ಯೂಯಾರ್ಕ್ ಡಾಲ್' ಎಂಬ 2005ರ ಸಾಕ್ಷ್ಯಚಿತ್ರದಲ್ಲಿದೆ, ಸಿಕ್ಕರೆ ತಪ್ಪದೆ ನೋಡಿ. ಮೂವತ್ತು ವರ್ಷ ಕಾದಿದ್ದ ಮನುಷ್ಯ ಲಂಡನ್ನಿನ ತುಂಬಿದ ಸಭಾಂಗಣದ ಮುಂದೆ ನಿಂತು ನುಡಿಸಿದ. ಊರಿಗೆ ಮರಳಿದ ಮೇಲೆ ಮೈಗೆ ಸರಿಯಿಲ್ಲ ಎಂದು ಆಸ್ಪತ್ರೆಗೆ ಹೋದ. ಲ್ಯುಕೇಮಿಯಾ ಎಂದು ಗೊತ್ತಾದ ದಿನವೇ ತೀರಿಕೊಂಡ, ಜುಲೈ 13ರಂದು.

ಮೊದಲ ಸಲ ಕೇಳುವವರು ಹೇಗೆ ಕೇಳಬೇಕು?

ಫೋನಿನ ಪುಟ್ಟ ಸ್ಪೀಕರಿನಲ್ಲಿ ಬೇಡ, ಈ ಆಲ್ಬಂ ಅಲ್ಲಿ ಬರೀ ಗಲಾಟೆ. ಸ್ವಲ್ಪ ದೊಡ್ಡ ದನಿಯಲ್ಲಿ, ಹಾಡುಗಳ ಕ್ರಮ ಬದಲಿಸದೆ ಕೇಳಿ. ಎಲ್‌ಪಿಯ ಕಾಲದಲ್ಲಿ 'ಫ್ರಾಂಕೆನ್‌ಸ್ಟೈನ್' ಆದ ಮೇಲೆ ತಟ್ಟೆ ಮಗುಚಬೇಕಿತ್ತು. ಅಲ್ಲಿ ಒಂದು ನಿಮಿಷ ನಿಲ್ಲಿಸಿ, ನೀರು ಕುಡಿದು ಬನ್ನಿ. ಆಮೇಲೆ 'ಟ್ರ್ಯಾಶ್' ಶುರುವಾಗುವಾಗ ಕಿಟಕಿ ತೆಗೆದ ಹಾಗಾಗುತ್ತದೆ. ಎರಡನೇ ಸಲ ಕೇಳುವಾಗ ಜೊಹಾನ್ಸನ್‌ನನ್ನು ಬಿಟ್ಟು ಆರ್ಥರ್ ಕೇನ್‌ನ ಬೇಸ್ ಹಿಂದೆಯೇ ಹೋಗಿ, ಮುಖ್ಯವಾಗಿ 'ಪ್ರೈವೇಟ್ ವರ್ಲ್ಡ್'ನಲ್ಲಿ. ಅದರ ರಚನೆಯಲ್ಲಿ ಅವನ ಪಾಲೂ ಇದೆ.